ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ

ಊರ ಜಾತ್ರೆಗೆ ‘ಕುರುಕ್ಷೇತ್ರ’ ಆಡಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಾಲೀಮು ಶುರುಮಾಡುವುದು. ದುರ್ಯೋಧನನ ಪಾತ್ರಧಾರಿ ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಅದೇ ಕಂದಪದ್ಯವನ್ನು ಅದೇ ಜಾಗದಲ್ಲಿ ತಪ್ಪುತ್ತ, ಮೇಷ್ಟ್ರಿಂದ ಬೈಸಿಕೊಳ್ಳುತ್ತ ಎರಡು ತಿಂಗಳು ಕಳೆಯುತ್ತಾನೆ. ನಾಟಕ ಕೆಟ್ಟರೆ ಆಗುವ ನಷ್ಟ ಹೆಚ್ಚೆಂದರೆ ಒಂದು ರಾತ್ರಿಯ ನಿದ್ದೆ, ಒಂದಷ್ಟು ಸಿಳ್ಳೆ. ಆದರೂ ತಾಲೀಮಿಲ್ಲದೆ ರಂಗ ಹತ್ತುವ ಧೈರ್ಯ ಯಾರಿಗೂ ಇಲ್ಲ. ಅದೇ ಊರಿಗೆ ಒಂದು ಬೆಳಗ್ಗೆ ಜೀಪೊಂದು ಬಂದು ನಿಲ್ಲುತ್ತದೆ. ಇಳಿದವರ ಕೈಯಲ್ಲಿ ನಲವತ್ತು ಪುಟದ ಪ್ರಶ್ನಾವಳಿ. ಅದನ್ನು ಸಮಿತಿ ಚರ್ಚಿಸಿದೆ, ತಜ್ಞರು ತಿದ್ದಿದ್ದಾರೆ, ಡಿಟಿಪಿಯವರು ಅಂದವಾಗಿ ಚೌಕ ಹಾಕಿಕೊಟ್ಟಿದ್ದಾರೆ, ಪ್ರೆಸ್ಸಿನವರು ಸಾವಿರಗಟ್ಟಲೆ ಪ್ರತಿ ಅಚ್ಚು ಹಾಕಿದ್ದಾರೆ. ಅದನ್ನು ಒಬ್ಬ ಮನುಷ್ಯನೆದುರು ಗಟ್ಟಿಯಾಗಿ ಓದಿ, ಅವನ ಮುಖ ಹೇಗಾಯಿತೆಂದು ನೋಡಿದವರು ಮಾತ್ರ ಯಾರೂ ಇಲ್ಲ. ಈ ನಾಟಕ ಕೆಟ್ಟರೆ ಸಿಳ್ಳೆ ಹೊಡೆಯುವವರೂ ಇಲ್ಲ. ಅದು ವರದಿಯಾಗಿ, ವರದಿ ಯೋಜನೆಯಾಗಿ, ಯೋಜನೆ ಇನ್ನೊಂದು ಜೀಪಾಗಿ ಅದೇ ಊರಿಗೆ ವಾಪಸು ಬರುತ್ತದೆ.

ಸಂಶೋಧನಾ ವಿಧಾನದ ಪಠ್ಯಗಳು ಈ ತಾಲೀಮನ್ನು ಪೂರ್ವಪರೀಕ್ಷೆ ಎಂದು ಕರೆದು, ಅದಕ್ಕೊಂದು ಉಪಶೀರ್ಷಿಕೆಯನ್ನೂ ಕೊಟ್ಟು, ಮುಂದಿನ ಅಧ್ಯಾಯಕ್ಕೆ ಓಡುತ್ತವೆ. ಪಿಎಚ್.ಡಿ. ಪ್ರಬಂಧಗಳಲ್ಲಿ ಅದರ ಪಾಲಿಗೆ ಬರುವುದು ಮೂರನೆಯ ಅಧ್ಯಾಯದ ಒಂದು ವಾಕ್ಯ: ‘ಪ್ರಶ್ನಾವಳಿಯನ್ನು ಪೂರ್ವಪರೀಕ್ಷೆಗೆ ಒಳಪಡಿಸಿ ಅಗತ್ಯ ಮಾರ್ಪಾಡುಗಳನ್ನು ಮಾಡಿಕೊಳ್ಳಲಾಯಿತು.’ ಯಾವ ಮಾರ್ಪಾಡು, ಯಾಕೆ, ಯಾರು ಎಡವಿದರು ಎಂದು ಮಾರ್ಗದರ್ಶಕರು ಕೇಳುವುದಿಲ್ಲ, ವಿದ್ಯಾರ್ಥಿ ಹೇಳುವುದಿಲ್ಲ. ಮದುವೆಯ ಆಹ್ವಾನ ಪತ್ರಿಕೆಯಲ್ಲಿ ‘ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂದು ಅಚ್ಚಾಗುತ್ತದಲ್ಲ, ಈ ವಾಕ್ಯದ ತೂಕವೂ ಹೆಚ್ಚುಕಡಿಮೆ ಅಷ್ಟೇ. ಈ ಉದಾಸೀನಕ್ಕೆ ಸೋಮಾರಿತನ ಮಾತ್ರ ಕಾರಣ ಎಂದು ನನಗನ್ನಿಸುವುದಿಲ್ಲ. ಪಂಪ್‌ಸೆಟ್ಟು ಕೆಟ್ಟರೆ ನೀರು ಬರುವುದಿಲ್ಲ, ಕೆಟ್ಟದ್ದು ಗೊತ್ತಾಗುತ್ತದೆ. ಪ್ರಶ್ನೆ ಕೆಟ್ಟರೆ ಮಾತ್ರ ಉತ್ತರ ಧಾರಾಳವಾಗಿ ಬರುತ್ತದೆ. ಒಳ್ಳೆಯ ಪ್ರಶ್ನೆಗೆ ಬರುವಷ್ಟೇ ನೀಟಾಗಿ, ಅಷ್ಟೇ ಶೇಕಡಾವಾರಿನಲ್ಲಿ, ಅಷ್ಟೇ ಚೆಂದದ ಬಣ್ಣಬಣ್ಣದ ನಕ್ಷೆಯಾಗಲು ತಯಾರಾಗಿ ಬರುತ್ತದೆ. ಮನುಷ್ಯ ಮರ್ಯಾದಸ್ಥ ಪ್ರಾಣಿ. ಮನೆ ಬಾಗಿಲಿಗೆ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕೆಟ್ಟ ಪ್ರಶ್ನೆಯನ್ನು ಉತ್ತರಗಳು ಹಿಡಿದುಕೊಡುತ್ತವೆ ಎಂದು ಕಾದು ಕೂತವರಿಗೆ ಅದು ಎಂದೂ ಸಿಗುವುದಿಲ್ಲ. ಮೊದಲೇ ಹೋಗಿ, ಪ್ರಶ್ನೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸಿದರೆ ಮಾತ್ರ ಸಿಗುತ್ತದೆ.

ಇದು ಉತ್ಪ್ರೇಕ್ಷೆ ಎನ್ನುವವರು ಅಮೆರಿಕದ ಸಿನ್ಸಿನಾಟಿಯ ಕಡೆ ಒಮ್ಮೆ ನೋಡಬೇಕು. 1978ರ ಸುಮಾರಿಗೆ ಅಲ್ಲಿನ ವಿಶ್ವವಿದ್ಯಾಲಯದ ಜಾರ್ಜ್ ಬಿಷಪ್ ಮತ್ತು ಸಂಗಡಿಗರು ‘1975ರ ಪಬ್ಲಿಕ್ ಅಫೇರ್ಸ್ ಆ್ಯಕ್ಟ್ ರದ್ದಾಗಬೇಕೆ?’ ಎಂದು ಜನರನ್ನು ಕೇಳಿದರು. ಅಂಥ ಕಾಯಿದೆಯೇ ಇರಲಿಲ್ಲ. ಸುಮಾರು ಮೂರನೆಯ ಒಂದು ಭಾಗ ಜನ ರದ್ದಾಗಬೇಕು, ಕೂಡದು ಎಂದು ಖಚಿತವಾಗಿ ಅಭಿಪ್ರಾಯ ಕೊಟ್ಟರು. 1995ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಈ ಇಲ್ಲದ ಕಾಯಿದೆಯ ಇಪ್ಪತ್ತನೆಯ ವರ್ಷಾಚರಣೆ ಎಂಬಂತೆ ಮತ್ತೆ ಕೇಳಿತು. ಕೆಲವರಿಗೆ ‘ಅಧ್ಯಕ್ಷ ಕ್ಲಿಂಟನ್ ಇದನ್ನು ರದ್ದು ಮಾಡಬೇಕೆನ್ನುತ್ತಾರೆ’ ಎಂದೂ ಇನ್ನು ಕೆಲವರಿಗೆ ‘ರಿಪಬ್ಲಿಕನ್ನರು ರದ್ದು ಮಾಡಬೇಕೆನ್ನುತ್ತಾರೆ’ ಎಂದೂ ಹೇಳಿ ಕೇಳಿದರೆ, ಈ ಸಲ ಇನ್ನೂ ಹೆಚ್ಚು ಜನರಿಗೆ ಅಭಿಪ್ರಾಯ ಹುಟ್ಟಿತು. ಪಕ್ಷದ ಹೆಸರು ಕಿವಿಗೆ ಬಿದ್ದರೆ ಸಾಕು, ಕಾಯಿದೆ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ನಾವು ನಗುವ ಮೊದಲು ನಮ್ಮ ಅರಳಿಕಟ್ಟೆಗಳನ್ನು ನೆನೆಸಿಕೊಳ್ಳುವುದು ಒಳ್ಳೆಯದು. ಇಲ್ಲದ ಕಾಯಿದೆಯ ಮೂರನೆಯ ತಿದ್ದುಪಡಿಯ ಬಗ್ಗೆಯೂ ಅಲ್ಲಿ ಎರಡು ಬಣ ಇರುತ್ತವೆ.

ಇಲ್ಲದ ಕಾಯಿದೆಯ ಮಾತು ಬಿಡಿ, ಕಣ್ಣೆದುರಿಗಿರುವ ಮನೆಯ ಮಾತಿಗೆ ಬರೋಣ. ‘ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ?’ ಇದಕ್ಕಿಂತ ಸರಳ ಪ್ರಶ್ನೆ ಇರಲಾರದು ಎಂದು ಪ್ರಶ್ನೆ ಬರೆದವರು ನಂಬಿರುತ್ತಾರೆ. ಮಂಡ್ಯದ ಕಡೆಯ ಒಂದು ಹಳ್ಳಿಯ ಜಗಲಿಯಲ್ಲಿ ಅಜ್ಜಿಯೊಬ್ಬಳು ಅವರೆಕಾಯಿ ಬಿಡಿಸುತ್ತ ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ‘ಎಷ್ಟು ಜನ ಅಂದ್ರೆ... ರೇಷನ್ ಕಾರ್ಡಲ್ಲಾ, ಮನೇಲಾ?’ ಎಂಬುದು ಅವಳ ಮೊದಲ ಪ್ರಶ್ನೆ. ಮನೆಯಲ್ಲಿ ಎಂದರೆ, ದೊಡ್ಡ ಮಗ ಬೆಂಗಳೂರಿನಲ್ಲಿದ್ದಾನೆ, ಹಬ್ಬಕ್ಕೆ ಬರುತ್ತಾನೆ, ಅಕ್ಕಿ ಮಾತ್ರ ಇಲ್ಲಿಂದಲೇ ಹೋಗುತ್ತದೆ. ಚಿಕ್ಕ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ಮಗಳ ಮಗ ಇಲ್ಲೇ ಇದ್ದು ಶಾಲೆಗೆ ಹೋಗುತ್ತಾನೆ, ಅವನ ಹೆಸರು ಅವರಪ್ಪನ ಕಾರ್ಡಿನಲ್ಲಿದೆ. ಎರಡನೆಯ ಮಗ ಅದೇ ಸೂರಿನಡಿ ಇದ್ದಾನೆ, ಹೋದ ವರ್ಷ ಬೇರೆ ಒಲೆ ಹೂಡಿದ್ದಾನೆ, ಹಬ್ಬದ ದಿನ ಎಲ್ಲರದೂ ಒಂದೇ ಒಲೆ. ನಮ್ಮ ಜನಗಣತಿಯ ಪ್ರಕಾರ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು ಒಂದು ಕುಟುಂಬ. ವ್ಯಾಖ್ಯಾನ ಚೆನ್ನಾಗಿಯೇ ಇದೆ, ಆದರೆ ಅದು ಇರುವುದು ಗಣತಿದಾರರ ಕೈಪಿಡಿಯಲ್ಲಿ. ಅಜ್ಜಿಯ ತಲೆಯಲ್ಲಿರುವುದು ಬೇರೆ. ಕೊನೆಗೆ ಗಣತಿಗೆ ಬಂದ ಶಾಲೆಯ ಮೇಷ್ಟ್ರು ‘ಒಟ್ಟು ಒಂದು ನಂಬರ್ ಹೇಳಜ್ಜಿ’ ಎನ್ನುತ್ತಾರೆ. ‘ಏಳು ಅಂತ ಬರ್ಕೊಳಪ್ಪ’ ಎನ್ನುತ್ತಾಳೆ. ಏಳು ಎಂಬುದು ಚೌಕದೊಳಗೆ ಕೂರುತ್ತದೆ. ಆ ಏಳರಲ್ಲಿ ಯಾರು ಯಾರು ಎಂಬುದು ಆಮೇಲೆ ಯಾವ ಕಂಪ್ಯೂಟರಿಗೂ ತಿಳಿಯುವುದಿಲ್ಲ. ಇಂಥ ಹತ್ತು ಜಗಲಿಗಳಲ್ಲಿ ಮೊದಲೇ ಕೂತೆದ್ದು ಬಂದವರು ಆ ಒಂದು ಪ್ರಶ್ನೆಯನ್ನು ಒಡೆದು ನಾಲ್ಕು ಮಾಡಿರುತ್ತಾರೆ: ನಿನ್ನೆ ರಾತ್ರಿ ಇಲ್ಲಿ ಮಲಗಿದ್ದವರು ಯಾರು, ಈ ಒಲೆಯ ಊಟ ಯಾರಿಗೆ, ಊರು ಬಿಟ್ಟವರು ಯಾರು, ಎಷ್ಟು ತಿಂಗಳಾಯಿತು. ಕೇಳುವುದಕ್ಕೆ ಸ್ವಲ್ಪ ಉದ್ದ, ಬೇಜಾರು ಕೂಡ. ಆದರೆ ಆಮೇಲೆ ಏಳು ಎಂದರೆ ಏಳೇ.

ವಯಸ್ಸಿನ ಪ್ರಶ್ನೆ ಇದಕ್ಕೆ ಅಣ್ಣ. ನಮ್ಮ ಹಳೆಯ ಜನಗಣತಿಗಳ ವಯಸ್ಸಿನ ಕೋಷ್ಟಕ ತೆಗೆದು ನೋಡಿದರೆ 30, 40, 50, 60ರ ಎದುರಿಗೆ ಜನ ಗುಂಪುಗೂಡಿ ನಿಂತಿರುತ್ತಾರೆ. 41, 49, 51ರ ಹತ್ತಿರ ಬಿಕೋ ಎನ್ನುತ್ತಿರುತ್ತದೆ. ಸೊನ್ನೆ ಮತ್ತು ಐದರಲ್ಲಿ ಕೊನೆಗೊಳ್ಳುವ ವಯಸ್ಸಿನ ಮೇಲೆ ಜನರಿಗಿರುವ ಈ ಮೋಹವನ್ನು ಅಳೆಯುವುದಕ್ಕೆಂದೇ ವಿಪಲ್ ಸೂಚ್ಯಂಕ ಎಂಬ ಲೆಕ್ಕವಿದೆ. ವಯಸ್ಸು ಬೇಡ, ಜನ್ಮ ದಿನಾಂಕವನ್ನೇ ಕೇಳಿಬಿಡೋಣ ಎನ್ನುವ ಜಾಣರಿಗೆ ಕರ್ನಾಟಕದಲ್ಲಿ ಜೂನ್ 1 ಕಾದಿರುತ್ತದೆ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರು ದಯಪಾಲಿಸಿದ ಆ ಹುಟ್ಟುಹಬ್ಬ ಹೊತ್ತವರು ಒಂದು ತಲೆಮಾರಿನಲ್ಲಿ ಎಷ್ಟು ಮಂದಿಯೋ! ಒಂದು ಕಚೇರಿಯ ಅರ್ಧ ಸಿಬ್ಬಂದಿ ಒಂದೇ ದಿನ ಹುಟ್ಟಿ, ಒಂದೇ ದಿನ ನಿವೃತ್ತರಾಗಿ, ಒಂದೇ ಶಾಲು ಹಾರದ ಸಮಾರಂಭದಲ್ಲಿ ಮುಗಿಸಿಕೊಂಡ ಉದಾಹರಣೆಗಳಿಗೆ ಕೊರತೆಯಿಲ್ಲ. ಇಲ್ಲಿ ಉತ್ತರ ಸುಳ್ಳಲ್ಲ, ದಾಖಲೆಯೂ ಇದೆ. ಪ್ರಶ್ನೆಯೇ ಬೇರೆ ಬಾಗಿಲು ತಟ್ಟಿದೆ. ಅನುಭವಸ್ಥ ಸಮೀಕ್ಷಕರು ಇದಕ್ಕೇ ಊರಿನ ಘಟನೆಗಳ ಪಟ್ಟಿ ಇಟ್ಟುಕೊಳ್ಳುತ್ತಾರೆ: ಕೆರೆ ಒಡೆದ ವರ್ಷ ನಿಮಗೆ ಮದುವೆ ಆಗಿತ್ತೇ, ಇಂದಿರಾ ಗಾಂಧಿ ತೀರಿಕೊಂಡಾಗ ಮಗ ನಡೆಯುತ್ತಿದ್ದನೇ, ಹೀಗೆ. ಆ ಪಟ್ಟಿಯನ್ನಾದರೂ ಆಯಾ ಊರಿನಲ್ಲೇ ಕೂತು ಮಾಡಬೇಕು. ಕೆರೆಯೇ ಇಲ್ಲದ ಊರಿನಲ್ಲಿ ಕೆರೆ ಒಡೆದ ವರ್ಷ ಕೇಳಿದರೂ, ನಮ್ಮ ಜನ ಒಂದು ಇಸವಿ ಕೊಟ್ಟೇ ಕಳಿಸುತ್ತಾರೆ.

ಪ್ರಶ್ನೆ ಬರೆಯುವವರಲ್ಲಿ ದಡ್ಡರು ಕಡಿಮೆ ಎಂಬುದನ್ನೂ ಹೇಳಿಬಿಡಬೇಕು. 1992ರಲ್ಲಿ ಅಮೆರಿಕದ ರೋಪರ್ ಎಂಬ ಹೆಸರಾಂತ ಸಂಸ್ಥೆ ನಾಜಿಗಳು ನಡೆಸಿದ ಯಹೂದಿ ನರಮೇಧದ ಬಗ್ಗೆ ಒಂದು ಪ್ರಶ್ನೆ ಕೇಳಿತು. ಕನ್ನಡದಲ್ಲಿ ಹೇಳುವುದಾದರೆ ಅದು ಹೆಚ್ಚುಕಡಿಮೆ ಹೀಗಿತ್ತು: ಆ ನರಮೇಧ ನಡೆದೇ ಇಲ್ಲದಿರುವುದು ಸಾಧ್ಯವೆಂದು ನಿಮಗೆ ಅನ್ನಿಸುತ್ತದೆಯೋ, ಅಸಾಧ್ಯವೆಂದು ಅನ್ನಿಸುತ್ತದೆಯೋ? ಶೇ 22 ಮಂದಿ ‘ಸಾಧ್ಯ’ ಎಂದರು. ಫಲಿತಾಂಶ ಹೊರಬಿದ್ದಾಗ ದೇಶ ಬೆಚ್ಚಿಬಿದ್ದಿತು. ಇಷ್ಟು ಬೇಗ ಇಷ್ಟು ಜನ ಇತಿಹಾಸವನ್ನು ಅಲ್ಲಗಳೆಯುತ್ತಾರೆಯೇ ಎಂದು ಸಂಪಾದಕೀಯಗಳು ಬಂದವು. 1994ರಲ್ಲಿ ಅದೇ ವಿಷಯವನ್ನು ನೇರವಾದ ಮಾತಿನಲ್ಲಿ ಮತ್ತೆ ಕೇಳಿದಾಗ ನಡೆದಿಲ್ಲದಿರಬಹುದು ಎಂದವರು ಶೇ 1ರ ಆಸುಪಾಸು. ಉಳಿದವರೆಲ್ಲ ಎರಡು ನಕಾರಗಳ ನಡುವೆ ದಾರಿ ತಪ್ಪಿದ್ದವರು. ಮೇಲಿನ ಪ್ರಶ್ನೆಯನ್ನು ನೀವು ಈಗಷ್ಟೆ ಓದಿದಿರಿ. ‘ಇಲ್ಲದಿರುವುದು ಅಸಾಧ್ಯ’ ಎಂದರೆ ನಡೆದಿದೆ ಎಂದೋ, ಇಲ್ಲವೆಂದೋ ಎಂದು ಒಂದು ಕ್ಷಣ ಲೆಕ್ಕ ಹಾಕಬೇಕಾಯಿತಲ್ಲ? ಸಂಜೆ ಅಡುಗೆಯ ಹೊತ್ತಿಗೆ, ಒಲೆಯ ಮೇಲೆ ಹಾಲಿಟ್ಟು ಬಂದವರಿಗೆ ಆ ಕ್ಷಣವೂ ಸಿಗುವುದಿಲ್ಲ. ಒಬ್ಬ ನೆರೆಯವನ ಮುಂದೆ ಗಟ್ಟಿಯಾಗಿ ಓದಿದ್ದರೆ ಅವನು ‘ಏನಂದಿರಿ?’ ಎನ್ನುತ್ತಿದ್ದ. ಇಡೀ ಪೂರ್ವಪರೀಕ್ಷೆಯ ಶಾಸ್ತ್ರ ನಿಂತಿರುವುದು ಆ ‘ಏನಂದಿರಿ?’ಯ ಮೇಲೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಹೊಸ ಪ್ರಶ್ನೆಗಳಿಗೆ ಇದೆಲ್ಲ ಸರಿ, ನಾವು ಬಳಸುವುದು ಅಂತರರಾಷ್ಟ್ರೀಯ ಮಟ್ಟದಲ್ಲಿ ಪ್ರಮಾಣೀಕರಿಸಿದ ಪ್ರಶ್ನಾವಳಿ, ಸಾವಿರಾರು ಸಂಶೋಧಕರು ಬಳಸಿದ್ದಾರೆ, ಅದಕ್ಕೆ ಮತ್ತೆ ತಾಲೀಮು ಯಾಕೆ? ಆರೋಗ್ಯವನ್ನು ಅಳೆಯಲು ಜಗತ್ತಿನಲ್ಲೆಲ್ಲ ಬಳಸುವ ಎಸ್‌ಎಫ್-36 ಎಂಬ ಪ್ರಶ್ನಾವಳಿಯ ಮೂಲ ರೂಪದಲ್ಲಿ ಒಂದು ಕಡೆ, ನಿಮ್ಮ ಆರೋಗ್ಯದಿಂದಾಗಿ ಸಾಧಾರಣ ಶ್ರಮದ ಕೆಲಸಗಳಿಗೆ ತೊಂದರೆಯಾಗಿದೆಯೇ ಎಂದು ಕೇಳಿ, ಸಾಧಾರಣ ಶ್ರಮಕ್ಕೆ ಉದಾಹರಣೆಯಾಗಿ ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಅಥವಾ ಗಾಲ್ಫ್ ಆಡುವುದು ಎಂದಿದೆ. ಕೊಪ್ಪಳದ ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸು ಇದಕ್ಕೆ ‘ಏನೂ ತೊಂದರೆಯಿಲ್ಲ’ ಎಂದು ಹೇಳಿದರೆ ಆಶ್ಚರ್ಯವಿಲ್ಲ. ಅವಳು ಗಾಲ್ಫ್ ಆಡುವುದಕ್ಕೆ ಇದುವರೆಗೆ ಯಾವ ಕಾಯಿಲೆಯೂ ಅಡ್ಡ ಬಂದಿಲ್ಲ. ಬೇರೆ ದೇಶಗಳಿಗೆ ಒಯ್ಯುವವರು ಇಂಥ ಕಡೆ ಉದಾಹರಣೆ ಬದಲಿಸುತ್ತಾರೆ, ಬದಲಿಸಲೇಬೇಕು. ಆದರೆ ಬದಲಿಸಿದ ಕ್ಷಣಕ್ಕೆ ಅದು ಬೇರೆ ಪ್ರಶ್ನೆಯಾಯಿತು, ಹಳೆಯ ಪ್ರಮಾಣಪತ್ರ ಅದಕ್ಕೆ ಅನ್ವಯಿಸುವುದಿಲ್ಲ. ಗಾಲ್ಫಿನ ಜಾಗದಲ್ಲಿ ‘ಬಾವಿಯಿಂದ ನೀರು ಸೇದುವುದು’ ಎಂದು ಹಾಕಿದಿರೋ, ಅದು ಎರಡು ಮಾರಿನ ಬಾವಿಯೋ ಇಪ್ಪತ್ತು ಮಾರಿನದೋ ಎಂಬ ಸಮಸ್ಯೆ ಎದುರಾಗುತ್ತದೆ. ಅಷ್ಟಕ್ಕೂ ಹುಟ್ಟಿದ ಊರಿನಲ್ಲೇ ಪ್ರಶ್ನೆಗಳು ಎಡವುತ್ತವೆ. ವಾರಕ್ಕೆ ಎಷ್ಟು ದಿನ ಬೆಣ್ಣೆ ತಿನ್ನುತ್ತೀರಿ ಎಂದು ಅಮೆರಿಕದವರನ್ನೇ ಕೇಳಿದಾಗ, ಮಾರ್ಗರಿನ್ ಕೂಡ ಬೆಣ್ಣೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ. ಅದನ್ನು ಬಿಡಿಸಿ ಹೇಳಿದೊಡನೆ ಉತ್ತರಗಳು ಬದಲಾದವು ಎಂದು ಸಮೀಕ್ಷಾ ಸಂಶೋಧಕ ಫ್ಲಾಯ್ಡ್ ಫೌಲರ್ 1992ರಲ್ಲಿ ತೋರಿಸಿದರು. ಬೆಣ್ಣೆಯ ಕಥೆಯೇ ಹೀಗಾದರೆ ‘ಸಬಲೀಕರಣ’ದ ಪಾಡೇನು?

ಎರಡನೆಯ ಆಕ್ಷೇಪ ತಜ್ಞರ ಕಡೆಯಿಂದ: ಐದು ಜನ ಪ್ರಾಧ್ಯಾಪಕರು ನೋಡಿ ಒಪ್ಪಿದ್ದಾರೆ. ಗೌರವದಿಂದಲೇ ಹೇಳಬೇಕು, ಪ್ರಶ್ನೆ ಅರ್ಥವಾಗುತ್ತದೆಯೇ ಎಂದು ನೋಡಲು ಪ್ರಾಧ್ಯಾಪಕರಷ್ಟು ನಿರುಪಯೋಗಿಗಳು ಇನ್ನಿಲ್ಲ. ಅವರಿಗೆ ಅದು ಏನೆಂದು ಓದುವ ಮೊದಲೇ ಗೊತ್ತಿರುತ್ತದೆ. ‘ತಮ್ಮ ಗ್ರಾಮದ ರಸ್ತೆ ಮತ್ತು ಕುಡಿಯುವ ನೀರಿನ ವ್ಯವಸ್ಥೆ ತೃಪ್ತಿಕರವಾಗಿದೆಯೇ?’ ಎಂಬ ವಾಕ್ಯ ಅವರ ಕಣ್ಣಿಗೆ ವ್ಯಾಕರಣಶುದ್ಧವಾಗಿ ಕಾಣುತ್ತದೆ. ರಸ್ತೆ ಚೆನ್ನಾಗಿದ್ದು ನಲ್ಲಿಯಲ್ಲಿ ನೀರೇ ಬಾರದ ಊರಿನವನಿಗೆ ಅದರಲ್ಲಿ ಎರಡು ಪ್ರಶ್ನೆ ಕಾಣುತ್ತದೆ. ಎರಡಕ್ಕೂ ಸೇರಿಸಿ ಅವನು ‘ಪರವಾಗಿಲ್ಲ’ ಎನ್ನುತ್ತಾನೆ. ಇನ್ನು ಆ ‘ಪರವಾಗಿಲ್ಲ’ವನ್ನು ಎಲ್ಲಿ ಹಾಕುವುದು? 1932ರಲ್ಲಿ ರೆನ್ಸಿಸ್ ಲೈಕರ್ಟ್ ಮಹಾಶಯ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲು ಕಟ್ಟಿಕೊಟ್ಟಾಗ ಕನ್ನಡಿಗರನ್ನು ಕಂಡಿರಲಿಲ್ಲ. ನಮ್ಮ ಪರವಾಗಿಲ್ಲ ಹೇಳುವ ಧಾಟಿಯ ಮೇಲೆ ಐದೂ ಮೆಟ್ಟಿಲಲ್ಲಿ ಕೂರಬಲ್ಲದು. ತಲೆಯಾಡಿಸಿ ಹೇಳಿದರೆ ಮೇಲಿನದು, ನಿಟ್ಟುಸಿರು ಬಿಟ್ಟು ಹೇಳಿದರೆ ಕೆಳಗಿನದು. ಗಣತಿದಾರರು ಪಾಪ, ನಡುವಿನ ಚೌಕಕ್ಕೆ ಗುರುತು ಹಾಕಿ ಮುಂದಿನ ಮನೆಗೆ ಹೋಗುತ್ತಾರೆ. ಆಮೇಲೆ ವರದಿಯಲ್ಲಿ ‘ಬಹುಪಾಲು ಗ್ರಾಮಸ್ಥರು ತಟಸ್ಥ ನಿಲುವು ತಳೆದಿದ್ದಾರೆ’ ಎಂದು ಬರುತ್ತದೆ. ಕುಡಿಯುವ ನೀರಿನ ವಿಷಯದಲ್ಲಿ ತಟಸ್ಥರಾಗಿರುವ ಹಳ್ಳಿಯವರನ್ನು ಕಂಡವರುಂಟೇ?

ಮೂರನೆಯದು ಅಂಕಿಸಂಖ್ಯೆ ಬಲ್ಲವರ ಆಕ್ಷೇಪ, ಸ್ವಲ್ಪ ಗಟ್ಟಿಯಾದದ್ದು: ಇಪ್ಪತ್ತು ಮೂವತ್ತು ಜನರನ್ನು ಕೇಳಿ ಏನು ಸಾಬೀತಾಗುತ್ತದೆ? ಏನೂ ಇಲ್ಲ. ಜನರ ಬಗ್ಗೆ ಏನನ್ನೂ ಸಾಬೀತು ಮಾಡುವುದು ಪೂರ್ವಪರೀಕ್ಷೆಯ ಉದ್ದೇಶವೇ ಅಲ್ಲ. ಅಲ್ಲಿ ಬೇಹುಗಾರಿಕೆ ನಡೆಯುವುದು ಪ್ರಶ್ನೆಗಳ ಮೇಲೆ. ಒಂದೇ ಹೊಸ್ತಿಲಿಗೆ ಹತ್ತರಲ್ಲಿ ಮೂರು ಜನ ಎಡವಿದರೆ ಹೊಸ್ತಿಲು ಎತ್ತರವಾಗಿದೆ ಎನ್ನಲು ಸಾವಿರ ಜನ ಬೀಳುವುದನ್ನು ಕಾಯಬೇಕಿಲ್ಲ. ಆದರೆ ಎಡವಿದ್ದನ್ನು ನೋಡುವ ಕಣ್ಣು ಬೇಕು. 1983ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಸಮೀಕ್ಷೆಯವರೂ ಮನಶ್ಶಾಸ್ತ್ರಜ್ಞರೂ ಒಟ್ಟಿಗೆ ಕೂತು ಚರ್ಚಿಸಿದ ಮೇಲೆ ಇದಕ್ಕೊಂದು ಕ್ರಮವೇ ಬೆಳೆಯಿತು. ಉತ್ತರ ಪಡೆದು ಸುಮ್ಮನಾಗದೆ, ಆ ಉತ್ತರ ಹೇಗೆ ಹುಟ್ಟಿತೆಂದು ಕೇಳುವುದು. ‘ಹೋದ ತಿಂಗಳು ಎಷ್ಟು ಸಲ ವೈದ್ಯರ ಹತ್ತಿರ ಹೋಗಿದ್ದಿರಿ?’ ‘ಎರಡು ಸಲ.’ ‘ಎರಡು ಎಂದು ಹೇಗೆ ಲೆಕ್ಕ ಹಾಕಿದಿರಿ? ಹೋದ ತಿಂಗಳು ಎಂದರೆ ಯಾವಾಗಿನಿಂದ ಎಂದುಕೊಂಡಿರಿ?’ ಆಗ ಹೊರಬರುತ್ತದೆ: ಹೋದ ತಿಂಗಳು ಎಂದರೆ ಅವರಿಗೆ ಅಮಾವಾಸ್ಯೆಯಿಂದ ಅಮಾವಾಸ್ಯೆ, ಊರ ನಾಟಿವೈದ್ಯರ ಮನೆಗೆ ಹೋದದ್ದನ್ನು ಸೇರಿಸಿಲ್ಲ, ‘ಅವರೇನು ಡಾಕ್ಟರಾ?’, ಮೆಡಿಕಲ್ ಶಾಪಿನವನನ್ನು ಸೇರಿಸಿದ್ದಾರೆ, ‘ಇಂಜೆಕ್ಷನ್ ಕೊಟ್ಟನಲ್ಲ!’ ಹೀಗೆ ಹತ್ತು ಹನ್ನೆರಡು ಜನರ ಜೊತೆ ನಿಧಾನವಾಗಿ ಕೂತರೆ ಸಿಗುವುದು ಮುನ್ನೂರು ಭರ್ತಿ ಮಾಡಿದ ಫಾರಮ್ಮುಗಳಲ್ಲಿ ಸಿಗುವುದಿಲ್ಲ.

ಇದೇ ಅಂಕಿಸಂಖ್ಯೆಯವರು ತೋರಿಸುವ ಇನ್ನೊಂದು ಆಯುಧ ಕ್ರಾನ್‌ಬಾಕ್ ಆಲ್ಫಾ. 1951ರಿಂದ ಚಾಲ್ತಿಯಲ್ಲಿರುವ ಈ ಅಳತೆ 0.7 ದಾಟಿದರೆ ಸಾಕು, ಸಂಶೋಧನಾ ವಿದ್ಯಾರ್ಥಿಗೆ ಸಾಡೇಸಾತಿ ಬಿಟ್ಟಷ್ಟು ನೆಮ್ಮದಿ. ಆಲ್ಫಾ ಹೇಳುವುದು ಒಂದು ಗುಂಪಿನ ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಮಾತ್ರ. ಹತ್ತು ಪ್ರಶ್ನೆಗಳನ್ನೂ ಎಲ್ಲರೂ ಒಂದೇ ರೀತಿ ತಪ್ಪಾಗಿ ತಿಳಿದರೆ, ಅಥವಾ ಕೆಲವರು ಬೇಗ ಮುಗಿಯಲಿ ಎಂದು ಎಲ್ಲದಕ್ಕೂ ‘ಹೌದು’ ಎಂದರೆ, ಆಲ್ಫಾ ಇನ್ನೂ ಮೇಲೇರುತ್ತದೆ. ಒಮ್ಮತದಿಂದ ದಾರಿ ತಪ್ಪಿದವರಿಗೆ ಅದು ಚಿನ್ನದ ಪದಕ ಕೊಡುತ್ತದೆ.

ಸಮಯವಿಲ್ಲ, ದುಡ್ಡಿಲ್ಲ ಎಂಬುದು ನಾಲ್ಕನೆಯ ಆಕ್ಷೇಪ. ಇದಕ್ಕೆ ನಮ್ಮ ದೇಶದ ಅನುಭವವೇ ಸಾಕು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗೆ ಕೈಹಾಕಿದಾಗ ನೇರ ಇಡೀ ಪ್ರಾಂತ್ಯಕ್ಕೆ ನುಗ್ಗಲಿಲ್ಲ. ಚಿಕ್ಕ ಪ್ರದೇಶದಲ್ಲಿ ಶುರುಮಾಡಿ, ತಪ್ಪು ನೋಡಿ, ಖರ್ಚು ನೋಡಿ, ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತ 1941ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಬಂದರು. ಪೈಲಟ್ ಸಮೀಕ್ಷೆ ಎಂಬ ಕ್ರಮಕ್ಕೆ ಜಗತ್ತು ಅವರ ಹೆಸರು ಹೇಳುವುದು ಈ ತಾಳ್ಮೆಗಾಗಿ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಬೆನ್ನೆಲುಬೂ ಅವರೇ. ಆ ಸಮೀಕ್ಷೆಯ ಮನೆತನದಲ್ಲೇ ಮುಂದೆ ನಡೆದ ಒಂದು ಪ್ರಸಂಗ ನಮ್ಮ ವಾದಕ್ಕೆ ಹೇಳಿಮಾಡಿಸಿದ ಹಾಗಿದೆ. ಮನೆಯಲ್ಲಿ ಎಷ್ಟು ತಿಂದಿರಿ ಎಂದು ಕೇಳುವಾಗ ಹೋದ 30 ದಿನದ ಲೆಕ್ಕ ಕೇಳಬೇಕೋ, 7 ದಿನದ್ದೋ? 1994ರಿಂದ 1998ರವರೆಗಿನ 51ರಿಂದ 54ನೆಯ ಸುತ್ತುಗಳಲ್ಲಿ ಕೆಲವು ಮನೆಗಳಲ್ಲಿ ಹಾಗೆ, ಬೇರೆ ಮನೆಗಳಲ್ಲಿ ಹೀಗೆ ಕೇಳಿ ನೋಡಿದರು. ಏಳು ದಿನದ ಲೆಕ್ಕದಲ್ಲಿ ಜನ ಹೆಚ್ಚು ತಿಂದಿದ್ದರು. ಎಷ್ಟೆಂದರೆ, ದೇಶದ ಬಡತನ ಸುಮಾರು ಅರ್ಧಕ್ಕೆ ಇಳಿಯುವಷ್ಟು. ಒಂದು ರೂಪಾಯಿ ಖರ್ಚಿಲ್ಲದೆ, ಒಂದು ಭಾಷಣವೂ ಇಲ್ಲದೆ, ಪ್ರಶ್ನೆಯ ಒಂದು ಅಂಕಿ ಬದಲಿಸಿ ಬಡತನ ನಿವಾರಣೆ! ಇಲ್ಲಿಯವರೆಗೆ ಪ್ರಯೋಗ ಸರಿಯಾಗಿಯೇ ಇತ್ತು. 1999–2000ದ 55ನೆಯ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಅದೇ ಮನೆಯಲ್ಲಿ, ಅದೇ ಹಾಳೆಯ ಅಕ್ಕಪಕ್ಕದ ಅಂಕಣಗಳಲ್ಲಿ ಕೇಳಲಾಯಿತು. ವಾರಕ್ಕೆ ಎರಡು ಕೇಜಿ ಎಂದವರು ತಿಂಗಳಿಗೆ ಆರು ಎಂದು ಹೇಳಲು ಸಂಕೋಚಪಡದಿರುತ್ತಾರೆಯೇ? ಮನಸ್ಸಿನಲ್ಲೇ ಗುಣಾಕಾರ ಮಾಡಿ ಸರಿದೂಗಿಸುತ್ತಾರೆ. ಎರಡು ಅಂಕಣಗಳೂ ಹತ್ತಿರ ಬಂದವು, ಬಡತನ 1993–94ರ ಶೇ 36ರಿಂದ ಶೇ 26ಕ್ಕೆ ಇಳಿಯಿತು. ನಿಜವಾಗಿ ಇಳಿದದ್ದೆಷ್ಟು, ಅಂಕಣದಿಂದ ಇಳಿದದ್ದೆಷ್ಟು ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳವಾಡಿದರು. ಆ ಜಗಳದ್ದೇ ಒಂದು ದಪ್ಪ ಪುಸ್ತಕವಿದೆ. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ಆಮೇಲೆ ಒಟ್ಟಿಗೆ ಕೂರಿಸಿದರೆ ಅದು ಮೂರನೆಯ ಪ್ರಶ್ನೆ. ಬೇರೆ ಬೇರೆ ಮನೆಯಲ್ಲಿ ಸಂಭಾವಿತರಾಗಿದ್ದ ಇಬ್ಬರನ್ನು ಮದುವೆ ಮಾಡಿಸಿದ ಮೇಲೆ ಏನಾಗುತ್ತದೆ ಎಂಬುದು ಜಾತಕದಲ್ಲಿ ಸಿಗುವುದಿಲ್ಲ. ಸಮಯ ಉಳಿಸುವ ಮಾತಾಡುವವರು ಆ ಜಗಳಕ್ಕೆ ಹೋದ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಲಿ. ಹಾಗೆಂದು ತಾಲೀಮು ಅತಿಯಾಗಲೂಬಾರದು. ಭಾರತದ ಜನ ದಿನದ ಇಪ್ಪತ್ನಾಲ್ಕು ಗಂಟೆ ಹೇಗೆ ಕಳೆಯುತ್ತಾರೆಂದು ತಿಳಿಯುವ ಪೈಲಟ್ ಸಮೀಕ್ಷೆ 1998–99ರಲ್ಲಿ ಆರು ರಾಜ್ಯಗಳಲ್ಲಿ ನಡೆಯಿತು. ಇಡೀ ದೇಶದ್ದು ನಡೆದದ್ದು 2019ರಲ್ಲಿ. ಸಮಯದ ಬಳಕೆಯನ್ನು ಅಳೆಯುವವರು ನಡುವಿನ ಇಪ್ಪತ್ತು ವರ್ಷವನ್ನು ಹೇಗೆ ಬಳಸಿದರೋ.

ಈಗ ಕಾಗದವೂ ಹೋಗಿ ಆ್ಯಪ್ ಬಂದಿದೆ. ಪರೀಕ್ಷಿಸಬೇಕಾದದ್ದು ಪ್ರಶ್ನೆಯನ್ನು ಮಾತ್ರವಲ್ಲ, ಅದು ಕೂತಿರುವ ಫೋನನ್ನು, ಫೋನಿಗೆ ಸಿಗಬೇಕಾದ ಸಿಗ್ನಲನ್ನು. 2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಜಾತಿಯ ಕಾಲಂ ಬಗ್ಗೆ ರಾಜ್ಯವೆಲ್ಲ ಚರ್ಚೆ ನಡೆಸುತ್ತಿದ್ದಾಗ ಮೇಷ್ಟ್ರುಗಳ ಚಿಂತೆ ಬೇರೆಯೇ ಇತ್ತು: ಸರ್ವರ್ ತೆರೆಯುತ್ತಿಲ್ಲ, ಒಟಿಪಿ ಬರುತ್ತಿಲ್ಲ. ಅದೇ ವರ್ಷದ ನವೆಂಬರ್ 10ರಿಂದ 30ರವರೆಗೆ ಮುಂದಿನ ಜನಗಣತಿಯ ಪೂರ್ವಪರೀಕ್ಷೆಯನ್ನು ಆಯ್ದ ಪ್ರದೇಶಗಳಲ್ಲಿ ನಡೆಸಿದ್ದು ಈ ದೃಷ್ಟಿಯಿಂದ ಒಳ್ಳೆಯದೇ. ಜನಗಣತಿಯವರು ಮಾತ್ರ ಈ ವ್ರತವನ್ನು ಬಿಟ್ಟವರಲ್ಲ.

ಸಂದರ್ಶನದ ಮಾರ್ಗಸೂಚಿಗೆ ಇಷ್ಟೆಲ್ಲ ಬೇಕಿಲ್ಲ, ಅದು ಮಾತುಕತೆಯಂತೆ ಹರಿಯುತ್ತದೆ ಎಂಬ ನಂಬಿಕೆಯೂ ಇದೆ. ಹರಿಯುತ್ತದೆ, ಎತ್ತಕಡೆಗೆ ಎಂಬುದೇ ಪ್ರಶ್ನೆ. ‘ನಿಮ್ಮ ಜೀವನದ ಬಗ್ಗೆ ಸ್ವಲ್ಪ ಹೇಳಿ’ ಎಂದು ಶುರುಮಾಡಿದರೆ ‘ಏನ್ ಹೇಳೋದು ಮೇಡಂ, ನೀವೇ ಕೇಳಿ’ ಎಂಬ ಉತ್ತರ ಬಂದು ಅಲ್ಲಿಗೆ ಮಾರ್ಗಸೂಚಿಯ ಮೊದಲ ಪುಟ ಮುಗಿಯುತ್ತದೆ. ‘ಮಗಳನ್ನು ಶಾಲೆ ಯಾಕೆ ಬಿಡಿಸಿದಿರಿ?’ ಎಂಬುದು ಕಾಗದದ ಮೇಲೆ ಕುತೂಹಲ, ಅಂಗಳದಲ್ಲಿ ಆರೋಪ. ಟರ್ಕಿಯ ಬಾಲ್ಗತ್ ಎಂಬ ಹಳ್ಳಿಯ ಕುರಿಗಾಹಿಯೊಬ್ಬನನ್ನು, ನೀನೇ ದೇಶದ ಅಧ್ಯಕ್ಷನಾದರೆ ಏನು ಮಾಡುತ್ತೀಯ ಎಂದು ಕೇಳಿದಾಗ ಅವನು ದೇವರ ಹೆಸರು ಹೇಳಿ ಗಾಬರಿಬಿದ್ದನೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡೇನಿಯಲ್ ಲರ್ನರ್ 1958ರ ತನ್ನ ಪುಸ್ತಕದಲ್ಲಿ ಬರೆದ. ಅದನ್ನು ಆ ಕುರಿಗಾಹಿಯ ಕಲ್ಪನಾಶಕ್ತಿಯ ಕೊರತೆ ಎಂದು ಓದಿದ. ಪ್ರಶ್ನೆಯ ಕೊರತೆ ಇರಬಹುದೆಂದು ನನಗನ್ನಿಸುತ್ತದೆ. ನಮ್ಮಲ್ಲಿ ಅದೇ ಪ್ರಶ್ನೆಗೆ ಕಷ್ಟ ಬೇರೆ: ಟೀ ಅಂಗಡಿಯಲ್ಲಿ ಕೇಳಿದರೆ ಸಂಪುಟ ವಿಸ್ತರಣೆಯವರೆಗೆ ಹೋಗಿ ರೆಕಾರ್ಡರಿನ ಬ್ಯಾಟರಿ ಮುಗಿಯುತ್ತದೆ. ಎರಡು ಸಂದರ್ಶನ ಮೊದಲೇ ಮಾಡಿ ನೋಡಿದವರಿಗೆ ಇದೆಲ್ಲ ಗೊತ್ತಾಗಿರುತ್ತದೆ. ಸೊಸೆಯನ್ನು ಕೇಳುವಾಗ ಅತ್ತೆ ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆಂದು, ಇಪ್ಪತ್ತೈದು ಪ್ರಶ್ನೆಗಳಿಗೆ ಮೂರು ಗಂಟೆ ಹಿಡಿಯುತ್ತದೆಂದು, ಹದಿನೇಳನೆಯದಕ್ಕೆ ಬೇಕಾದದ್ದನ್ನು ಎರಡನೆಯದಕ್ಕೇ ಹೇಳಿಬಿಡುತ್ತಾರೆಂದು, ಸಂದರ್ಶಕರಿಗೆ ಸುಮ್ಮನಿರಲು ಬರುವುದಿಲ್ಲವೆಂದು.

ಪೂರ್ವಪರೀಕ್ಷೆಯೂ ಎಲ್ಲವನ್ನೂ ಹಿಡಿಯುವುದಿಲ್ಲ ಎಂಬುದು ಕೊನೆಯ ಆಕ್ಷೇಪ, ಇದನ್ನು ಒಪ್ಪಲೇಬೇಕು. ಸೌಜನ್ಯವನ್ನು ಅದು ಹಿಡಿಯುವುದು ಕಷ್ಟ. 1950ರ ದಶಕದಲ್ಲಿ ಪಂಜಾಬಿನ ಲುಧಿಯಾನಾ ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ವರ್ಡಿನವರು ನಡೆಸಿದ ಕುಟುಂಬ ಯೋಜನೆಯ ಅಧ್ಯಯನದಲ್ಲಿ ಜನ ಗರ್ಭನಿರೋಧಕ ಮಾತ್ರೆಗಳನ್ನು ಸಂತೋಷದಿಂದ ತೆಗೆದುಕೊಂಡರು. ಆಮೇಲೆ ಸಂಶೋಧಕ ಮಹಮೂದ್ ಮಮ್ದಾನಿ ಆ ಊರುಗಳಲ್ಲೊಂದಕ್ಕೆ ಹೋಗಿ ವಿಚಾರಿಸಿದಾಗ ಗೊತ್ತಾದದ್ದು, ಪಾಪ ಅಷ್ಟು ದೂರದಿಂದ ಬಂದವರಿಗೆ ಇಲ್ಲವೆನ್ನಲಾಗದೆ ತೆಗೆದುಕೊಂಡವರು ಬಹಳ ಮಂದಿ. ಒಬ್ಬನಂತೂ ಆ ಡಬ್ಬಿಗಳನ್ನು ಜೋಡಿಸಿ ಕಲಾಕೃತಿ ಮಾಡಿಟ್ಟಿದ್ದ. ಇಂಥ ಔದಾರ್ಯವನ್ನು ಮೊದಲ ಭೇಟಿಯಲ್ಲೇ ಪತ್ತೆಹಚ್ಚುವ ಯಾವ ವಿಧಾನವೂ ಇಲ್ಲ. ಆದರೆ ಒಂದು ಬೀಗ ಎಲ್ಲ ಕಳ್ಳರನ್ನೂ ತಡೆಯುವುದಿಲ್ಲವೆಂದು ಯಾರೂ ಬಾಗಿಲು ತೆರೆದಿಟ್ಟು ಊರಿಗೆ ಹೋಗುವುದಿಲ್ಲ.

ಪ್ರಶ್ನಾವಳಿಯಲ್ಲಿ ಅತಿ ಕಡಿಮೆ ಪರೀಕ್ಷೆಗೊಳಗಾಗುವ ಭಾಗ ಪ್ರಶ್ನೆಗಳಿಗಿಂತ ಮೊದಲೇ ಬರುವ ಪೀಠಿಕೆ. ‘ಈ ಅಧ್ಯಯನದಲ್ಲಿ ತಾವು ಸ್ವಇಚ್ಛೆಯಿಂದ ಭಾಗವಹಿಸುತ್ತಿದ್ದು, ತಾವು ನೀಡುವ ಮಾಹಿತಿಯ ಗೌಪ್ಯತೆಯನ್ನು ಕಾಪಾಡಲಾಗುವುದು’ ಎಂದು ಶುರುವಾಗುವ ಆ ಹದಿನಾಲ್ಕು ಸಾಲನ್ನು ಗಣತಿದಾರರು ಸತ್ಯನಾರಾಯಣ ಪೂಜೆಯ ಸಂಕಲ್ಪದ ವೇಗದಲ್ಲಿ ಓದುತ್ತಾರೆ, ಕೇಳುವವರು ಅದೇ ಭಕ್ತಿಯಿಂದ ಕೈಕಟ್ಟಿ ಕೇಳುತ್ತಾರೆ. ಮುಗಿದ ಮೇಲೆ ಅವರು ಕೇಳುವುದು ಒಂದೇ: ‘ಇದರಿಂದ ಪೆನ್ಷನ್ ಬರ್ತದಾ?’ ಯಾವ ಕೈಪಿಡಿಯಲ್ಲೂ ಈ ಪ್ರಶ್ನೆಗೆ ಅಚ್ಚುಮಾಡಿದ ಉತ್ತರವಿರುವುದಿಲ್ಲವಾಗಿ, ಒಬ್ಬ ಗಣತಿದಾರ ‘ನೋಡೋಣ’ ಎನ್ನುತ್ತಾನೆ, ಇನ್ನೊಬ್ಬ ‘ಸರ್ಕಾರದ್ದು, ಬರಬಹುದು’ ಎನ್ನುತ್ತಾನೆ. ಅಲ್ಲಿಂದ ಮುಂದೆ ಎರಡು ಎಮ್ಮೆ ಒಂದಾಗುತ್ತದೆ, ಮೂರು ಎಕರೆ ಮೂವತ್ತು ಗುಂಟೆಯಾಗುತ್ತದೆ. ಹತ್ತು ಮನೆಯ ತಾಲೀಮಿನಲ್ಲೇ ಈ ಪ್ರಶ್ನೆ ಹತ್ತು ಸಲ ಬರುತ್ತದೆ. ಬಂದದ್ದನ್ನು ಬರೆದುಕೊಂಡವರು ಪೀಠಿಕೆಯ ಹದಿನಾಲ್ಕು ಸಾಲು ಹೊಡೆದುಹಾಕಿ ಎರಡು ಸಾಲು ಬರೆಯುತ್ತಾರೆ: ‘ಇದರಿಂದ ನಿಮಗೆ ಪೆನ್ಷನ್, ಮನೆ, ಸಾಲ ಏನೂ ಬರುವುದಿಲ್ಲ. ಬೇಡ ಅನ್ನಿಸಿದರೆ ಹೇಳಬೇಡಿ.’ ಇದನ್ನು ಕೇಳಿದ ಯಜಮಾನ ಒಂದು ಗಳಿಗೆ ಸುಮ್ಮನಿದ್ದು ಎನ್ನುತ್ತಾನೆ, ‘ಹಂಗಾದ್ರೆ ಬಿರ್ರನೆ ಕೇಳಿ ಸಾರ್, ಡೇರಿಗೆ ಹಾಲು ಹಾಕ್ಬೇಕು.’